ಪಾಸಿಗೆ ಎರಡು ವರ್ಷ ಕಡಿಮೆ

ನನಗೆ ಅರವತ್ತು ತುಂಬಿದ ಹೊಸತರಲ್ಲಿ ಬಸ್ಸಿನ ಕಂಡಕ್ಟರನೊಬ್ಬ ನನ್ನ ಮುಖ ನೋಡಿ, ಹಿರಿಯ ನಾಗರಿಕರ ಕಾರ್ಡು ಇದೆಯೇ ಎಂದು ತಾನಾಗಿಯೇ ಕೇಳಿದ್ದ. ರೋಣದಲ್ಲಿ ಬಂದ ಸಿಟ್ಟು ನರಗುಂದ ಮುಟ್ಟುವವರೆಗೂ ಇಳಿಯಲಿಲ್ಲ. ಬಸ್ಸು ತುಂಬ ಜನ ಇದ್ದರು, ಅವರೆಲ್ಲರ ಮುಂದೆ ನನ್ನನ್ನು ಮುದುಕಿ ಎಂದು ಕರೆದಷ್ಟೇ ಆಯಿತಲ್ಲ ಎಂದು ಮೈ ಉರಿದುಹೋಗಿತ್ತು. ಪೂರ್ತಿ ದುಡ್ಡು ಕೊಟ್ಟೇ ಟಿಕೀಟು ತೆಗೆದುಕೊಂಡೆ.

ಈಗ ಎಪ್ಪತ್ನಾಲ್ಕು. ಆ ಬಿಗುಮಾನ ಎಲ್ಲಿ ಹೋಯಿತೋ ಗೊತ್ತಿಲ್ಲ. ಈಗ ಯಾವ ಊರಿಗೆ ಹೋದರೂ ನಾನು ಮೊದಲು ಓದುವುದು ಟಿಕೀಟಿನ ಕಿಟಕಿಯ ಪಕ್ಕದ ಬೋರ್ಡು. ಹಿರಿಯರಿಗೆ ರಿಯಾಯಿತಿ ಎಂದು ಒಂದು ಸಾಲು ಕಂಡರೆ ಸಾಕು, ಬಾದಾಮಿಯ ಗುಡಿಗಳ ಮುಂದೆ ನಿಂತಾಗಲೂ ಆಗದಷ್ಟು ಸಂತೋಷವಾಗುತ್ತದೆ. ಹೆಂಗಸರಿಗೆ ಬಸ್ಸು ಪುಕ್ಕಟೆ ಆದ ಮೇಲಂತೂ ನನ್ನ ಕಾಲು ಮನೆಯಲ್ಲಿ ನಿಲ್ಲುವುದು ಕಡಿಮೆ. ಕೈಚೀಲದ ಒಳಜೇಬಿನಲ್ಲಿ ಕಾರ್ಡುಗಳದೇ ಒಂದು ಕಂತೆ ಇದೆ. ಅದಕ್ಕೆ ರಬ್ಬರು ಹಾಕಿ ಇಟ್ಟಿದ್ದೇನೆ.

ಗಜೇಂದ್ರಗಡದಲ್ಲಿ ಗುಡ್ಡದ ಬುಡಕ್ಕೆ ಒಂದು ಉದ್ಯಾನವಾಗಿದೆ, ಅರವತ್ತು ತುಂಬಿದವರಿಗೆ ವರ್ಷದ ಪಾಸು ಅರ್ಧ ದರಕ್ಕೆ ಕೊಡುತ್ತಾರೆ ಎಂಬ ಸುದ್ದಿ ಬಂದಾಗ ನಾನು ಸುಮ್ಮನೆ ಕೂರುವುದು ಸಾಧ್ಯವೇ ಇರಲಿಲ್ಲ. ಪಾಸಿನ ಮೇಲೆ ನಮ್ಮ ಫೋಟೋ ಇರುತ್ತದೆ, ಅದರ ಕೆಳಗೆ ‘ಹಿರಿಯರು’ ಎಂದು ಅಚ್ಚು ಹಾಕಿರುತ್ತಾರೆ ಎಂದೂ ಕೇಳಿದ್ದೆ. ಈ ಮಾತನ್ನು ನಾನು ನನ್ನ ಗಾದಿ ಮಾಡಿಕೊಡುವವನ ಮುಂದೆ ಆಡಿದೆ. ಅಲ್ಲಿಂದ ಶುರುವಾಯಿತು.

ಆತ ರೋಣದಲ್ಲಿ ಗಾದಿ, ತಲೆದಿಂಬು ಮಾಡುವ ಕಸುಬಿನವನು. ಹಳೆಯ ಗಾದಿ ಬಿಚ್ಚಿ, ಗಂಟುಗಟ್ಟಿದ ಅರಳೆಯನ್ನು ಬಿಲ್ಲಿನಿಂದ ಹಿಂಜಿ, ಹೂವಿನ ಹಾಗೆ ಅರಳಿಸಿ ಮತ್ತೆ ತುಂಬಿ ಹೊಲಿಯುತ್ತಾನೆ. ನನ್ನ ಹಳೆಯ ವಿದ್ಯಾರ್ಥಿ. ನಾನು ಇಪ್ಪತ್ತನೆಯ ವಯಸ್ಸಿಗೆ ಮುಶಿಗೇರಿಯ ಶಾಲೆಯಲ್ಲಿ ಕೆಲಸಕ್ಕೆ ಸೇರಿದಾಗ ಒಂದನೆಯ ಇಯತ್ತೆಗೆ ಸೇರಲು ಬಂದ ಹುಡುಗ. ಮೂರನೆಯ ಇಯತ್ತೆಗೆ ಬಿಟ್ಟುಹೋದ. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುತ್ತಾರೆ. ನಾನು ನಿವೃತ್ತಳಾಗಿ ಇಷ್ಟು ವರ್ಷವಾದರೂ ಅವನ ಬಾಯಲ್ಲಿ ನಾನು ಅಕ್ಕೋರೇ.

ಈ ವರ್ಷ ನನ್ನ ಗಾದಿ ಹಿಂಜಲು ಬಂದಾಗ ಆತ ನಡುನಡುವೆ ಬಿಲ್ಲು ಕೆಳಗಿಟ್ಟು ಕೆಮ್ಮುತ್ತಿದ್ದ. ನಲವತ್ತು ವರ್ಷಕ್ಕೂ ಮೇಲೆ ಅರಳೆಯ ಧೂಳು ಕುಡಿದ ಎದೆ. ದವಾಖಾನೆಯವರು ಕೆಲಸ ಬಿಡು ಎಂದಿದ್ದರಂತೆ. ಮನೆಯವರು ಆಧಾರ ಕಾರ್ಡು ತೆಗೆದು ನೋಡಿ, ಇನ್ನೂ ಐವತ್ತೆಂಟು, ಇದೇನು ಕೂರುವ ವಯಸ್ಸೇ ಎಂದರಂತೆ. ಆದರೆ ಅವನ ಲೆಕ್ಕ ಬೇರೆ ಇತ್ತು. ಅವನೂ ಅಸೂಟಿಯಲ್ಲಿರುವ ಅವನ ಚಿಕ್ಕಪ್ಪನ ಮಗಳೂ ಒಂದೇ ವಾರದಲ್ಲಿ ಹುಟ್ಟಿದವರು. ಆಕೆ ದವಾಖಾನೆಯಲ್ಲಿ ಹುಟ್ಟಿದ್ದರಿಂದ ಆಕೆಯ ಹುಟ್ಟಿದ ತಾರೀಖು ಬರಹದಲ್ಲಿದೆ. ಆಕೆಗೆ ಅರವತ್ತು ತುಂಬಿತ್ತು. ಅಂದ ಮೇಲೆ ಇವನಿಗೂ ತುಂಬಿತ್ತು.

ಪಾಸಿನ ಸುದ್ದಿ ಕೇಳಿ ಆತ ಬಿಲ್ಲು ಕೆಳಗಿಟ್ಟ.

‘ಅಕ್ಕೋರ, ಆ ಕಾರ್ಡ ನಂಗೂ ಒಂದ ಮಾಡಿಸಿಕೊಡ್ರಿ. ನಂಗ ಗಿಡಾ ನೋಡೂದು ಬ್ಯಾಡ್ರಿ. ನಾ ಹಿರ್ಯಾ ಅದೀನಿ ಅಂತ ಒಂದ ಕಡೆ ಬರದಿದ್ರ, ಮನ್ಯಾಗ ತೋರಿಸಿ ಈ ಬಿಲ್ಲ ಅಟ್ಟದ ಮ್ಯಾಲೆ ಇಡ್ತೇನಿ.’

ಇಷ್ಟೇ ಅವನಿಗೆ ಬೇಕಾಗಿದ್ದದ್ದು. ಮುದುಕನಾಗಲು ಒಂದು ಒಪ್ಪಿಗೆ. ಬಸ್ಸಿನಲ್ಲಿ ನನಗೆ ಅವಮಾನವಾಗಿ ಕಂಡ ಮಾತು ಅವನಿಗೆ ಬಿಡುಗಡೆಯಾಗಿ ಕಂಡಿತ್ತು. ನಾನು ಹಿಂದೆ ಮುಂದೆ ನೋಡದೆ ಆಗಲಿ ಎಂದೆ. ಆಧಾರ ಕಾರ್ಡಿನಲ್ಲಿ ಎರಡು ವರ್ಷ ಕಡಿಮೆ ಇರುವುದಕ್ಕೆ ನಾನೇ ಕಾರಣ ಎಂಬುದು ನನಗೆ ಗೊತ್ತಿತ್ತು, ನಾನು ಜೊತೆಯಲ್ಲಿ ಹೋಗಿ ಹೇಳಿದರೆ ಅವರು ಕೇಳುತ್ತಾರೆ ಎಂಬ ಧೈರ್ಯವೂ ಇತ್ತು. ಮಾಸ್ತರಿಕೆ ಮಾಡಿದವರಿಗೆ ಈ ಒಂದು ಧೈರ್ಯ ಸಾಯುವವರೆಗೂ ಹೋಗುವುದಿಲ್ಲ.

ನಾನು ಕಾರಣ ಹೇಗೆ ಎಂಬುದನ್ನು ಹೇಳಬೇಕು. ಆಗೆಲ್ಲ ಹಳ್ಳಿಯಲ್ಲಿ ಮಕ್ಕಳು ಹುಟ್ಟಿದ ದಿನ ಯಾರ ಬಳಿಯೂ ಬರಹದಲ್ಲಿ ಇರುತ್ತಿರಲಿಲ್ಲ. ಜೂನ್ ತಿಂಗಳು ಶಾಲೆ ತೆರೆದಾಗ ಮಕ್ಕಳನ್ನು ಸಾಲಾಗಿ ನಿಲ್ಲಿಸುತ್ತಿದ್ದೆವು. ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಬೇಕು. ಬೆರಳು ಕಿವಿಗೆ ತಾಗಿದರೆ ಆರು ವರ್ಷ ತುಂಬಿದೆ ಎಂದು ಲೆಕ್ಕ. ಹೆಸರು ಬರೆದುಕೊಂಡು, ಹುಟ್ಟಿದ ತಾರೀಖು ಜೂನ್ ಒಂದು ಎಂದು ಹಾಕುವುದು. ತಾಗದಿದ್ದರೆ ಮುಂದಿನ ವರ್ಷ ಬಾ ಎಂದು ಕಳಿಸುವುದು. ಹೀಗೆ ನನ್ನ ಕೈಯಿಂದ ಒಂದೇ ದಿನ ಹುಟ್ಟಿದವರು ಈ ತಾಲೂಕಿನ ತುಂಬ ಇದ್ದಾರೆ.

ಈತನನ್ನು ಮೊದಲ ವರ್ಷ ಅವನ ಅಪ್ಪ ಕರೆದುಕೊಂಡು ಬಂದಿದ್ದ. ತೆಳ್ಳಗಿನ ಹುಡುಗ, ಮೊಣಕಾಲವರೆಗೆ ಬರುವ ತುಂಬುತೋಳಿನ ಅಂಗಿ. ಕೈ ಕಿವಿಗೆ ಮುಟ್ಟಲಿಲ್ಲ. ಕಳಿಸಿದೆ. ಮರುವರ್ಷವೂ ಮುಟ್ಟಲಿಲ್ಲ. ಕಳಿಸಿದೆ. ಮೂರನೆಯ ವರ್ಷ ನಾನು ಬೀಗ ತೆಗೆಯುವುದಕ್ಕೇ ಕಾದು ನಿಂತಿದ್ದು, ನನಗಿಂತ ಮೊದಲು ಒಳಗೆ ಹೋಗಿ ಪಾಟಿ ಹಿಡಿದು ಕೂತುಬಿಟ್ಟಿದ್ದ. ನನಗೆ ನಗು ಬಂತು. ಈ ಸಲ ಕಿವಿ ಮುಟ್ಟಿಸದೆಯೇ ಹೆಸರು ಬರೆದುಕೊಂಡೆ, ಎಲ್ಲರ ಹಾಗೆ ಆರು ವರ್ಷ ಎಂದು ಹಾಕಿದೆ. ಆ ತಾರೀಖೇ ಮುಂದೆ ಅವನ ಆಧಾರ ಕಾರ್ಡಿಗೂ ಹೋಯಿತು.

ನರಗುಂದದ ಶಾಲೆಯಲ್ಲಿ ನನ್ನ ಬೀಳ್ಕೊಡುಗೆ ಸಮಾರಂಭ ಆದಾಗ ನಾನು ಹೇಳಿದ್ದು ಇದೇ ಕತೆಯನ್ನು. ಹಿಂದಿನ ಮಕ್ಕಳಿಗೆ ಓದಿನ ಹಸಿವು ಎಷ್ಟಿತ್ತು, ನಾವು ನಿಯಮ ಬದಿಗಿಟ್ಟು ಹೇಗೆ ಒಳಗೆ ಕರೆದುಕೊಂಡೆವು ಎಂದು. ಜನ ಚಪ್ಪಾಳೆ ತಟ್ಟಿದರು. ಅದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಹೇಳುವಾಗಲೆಲ್ಲ ನಾನು ಬಹಳ ಒಳ್ಳೆಯವಳಾಗಿ ಕಾಣುತ್ತಿದ್ದೆ.

ಒಂದು ಶುಕ್ರವಾರ ಬೆಳಿಗ್ಗೆ ಇಬ್ಬರೂ ರೋಣದ ನಿಲ್ದಾಣದಲ್ಲಿ ಗಜೇಂದ್ರಗಡದ ಬಸ್ಸು ಹತ್ತಿದೆವು. ಆತ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಫೋಟೋ ತೆಗೆಯುತ್ತಾರೆಂದು ಗಡ್ಡ ಒಪ್ಪ ಮಾಡಿಸಿಕೊಂಡು ಬಂದಿದ್ದ. ನನ್ನದು ಪುಕ್ಕಟೆ ಟಿಕೀಟು, ಅವನದು ಪೂರ್ತಿ. ಅದು ಹೆಂಗಸರಿಗೆ ಕೊಡುವ ಟಿಕೀಟಾದರೂ, ನಿನಗಿಂತ ದೊಡ್ಡವಳು ನಾನು ಎಂಬುದಕ್ಕೆ ಇದೇ ಸಾಕ್ಷಿ ಎಂದು ಕಾಡಿಸಿದೆ. ಬರುವಾಗ ನಾನೂ ಕಾರ್ಡಿನ ಮನುಷ್ಯನೇ ಆಗಿರುತ್ತೇನೆ ಎಂದು ಆತ ನಕ್ಕ. ದಾರಿಯುದ್ದಕ್ಕೂ ಕಡಲೆಯ ಹೊಲ, ಹತ್ತಿಯ ಹೊಲ. ಹತ್ತಿ ಬಿಡಿಸುವವರನ್ನು ನೋಡಿ ಆತ ಕಿಟಕಿಯ ಗಾಜು ಸರಿಸಿ ಮುಚ್ಚಿದ. ಇನ್ನು ಅದರ ಮುಖ ನೋಡುವುದಿಲ್ಲ ಎಂದ.

ಉದ್ಯಾನದ ಬಾಗಿಲಲ್ಲಿ ಹೆಚ್ಚು ಜನ ಇರಲಿಲ್ಲ. ಗುಡ್ಡದ ಮೇಲೆ ಗಾಳಿಯಂತ್ರಗಳು ನಿಧಾನವಾಗಿ ತಿರುಗುತ್ತಿದ್ದವು. ಕಿಟಕಿಯಲ್ಲಿ ಕೂತಿದ್ದವಳು ಒಬ್ಬ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮಾತು ಮೆತ್ತಗೆ. ನನ್ನ ಫೋಟೋ ತೆಗೆದಳು, ಪ್ಲಾಸ್ಟಿಕ್ಕಿನ ಹೊದಿಕೆ ಹಾಕಿ ಪಾಸು ಕೊಟ್ಟಳು. ಇನ್ನೂ ಬಿಸಿಯಾಗಿತ್ತು. ಆಮೇಲೆ ಅವನ ಆಧಾರ ಕಾರ್ಡು ಇಸಿದುಕೊಂಡು ನೋಡಿ, ತಲೆ ಎತ್ತಿ, ಅಜ್ಜಾರಿಗೆ ಇನ್ನೂ ಎರಡು ವರ್ಷ ಕಡಿಮೆ ಇದೆ ಎಂದಳು.

ನಾನು ಮುಂದೆ ಹೋದೆ. ನಾನು ಇವನಿಗೆ ಕಲಿಸಿದವಳು, ಈ ತಾರೀಖು ಬರೆದವಳೇ ನಾನು, ಇದು ತಪ್ಪು, ಇವನಿಗೆ ಅರವತ್ತು ತುಂಬಿದೆ ಎಂದೆ. ಶಾಲೆಯಲ್ಲಿ ಮಾತಾಡುತ್ತಿದ್ದ ದನಿ ತಾನಾಗಿ ಬಂದಿತ್ತು. ಆಕೆ ಬೇಸರ ಮಾಡಿಕೊಳ್ಳಲಿಲ್ಲ. ಇಲ್ಲಿಗೆ ಬರುವ ಹಿರಿಯರಲ್ಲಿ ಬಹಳ ಜನ ಜೂನ್ ಒಂದಕ್ಕೇ ಹುಟ್ಟಿದವರು, ಎಲ್ಲರೂ ಹೀಗೇ ಹೇಳುತ್ತಾರೆ, ಆದರೆ ತನಗೆ ಕಾರ್ಡಿನಲ್ಲಿ ಇದ್ದದ್ದನ್ನೇ ನೋಡಬೇಕಾಗುತ್ತದೆ ಎಂದಳು. ಸಾದಾ ಟಿಕೀಟು ತೆಗೆದುಕೊಂಡು ಒಳಗೆ ಹೋಗಬಹುದಲ್ಲ ಎಂದೂ ಹೇಳಿದಳು. ಅವಳದು ಏನೂ ತಪ್ಪಿರಲಿಲ್ಲ, ಅದಕ್ಕೇ ನನಗೆ ಇನ್ನೂ ಸಿಟ್ಟು ಬಂತು.

ಆತ ಕಾರ್ಡು ತಿರುಗಿ ತೆಗೆದುಕೊಂಡ. ಬ್ಯಾಡ ಬಿಡ್ರಿ ಎಂದು ಹೇಳಿ ಹೊರಗಿನ ಕಟ್ಟೆಯ ಮೇಲೆ ಹೋಗಿ ಕೂತ. ನಾನೂ ಹೋಗಿ ಕೂತೆ. ಕೈಯಲ್ಲಿ ನನ್ನ ಪಾಸು ಇತ್ತು. ಅದನ್ನು ಚೀಲದೊಳಗೆ ಇಡುವುದಕ್ಕೂ ಸಂಕೋಚವಾಯಿತು, ಹಿಡಿದುಕೊಂಡು ಕೂರುವುದಕ್ಕೂ ಸಂಕೋಚವಾಯಿತು.

ಸುಮ್ಮನೆ ಇರಲಾರದೆ ನಾನು ಮಾತು ತೆಗೆದೆ. ಸ್ವಲ್ಪ ತಮಾಷೆ ಮಾಡಿದರೆ ಅವನಿಗೆ ಹಗುರವಾದೀತು ಎಂದುಕೊಂಡೆ. ನಿನ್ನ ಕೈ ಲಗೂ ಲಗೂ ಉದ್ದ ಆಗಿದ್ದರೆ ಇವತ್ತು ಈ ಫಜೀತಿ ಇರುತ್ತಿರಲಿಲ್ಲ, ಎರಡು ವರ್ಷ ಕಿವಿ ಮುಟ್ಟಲಿಲ್ಲವಲ್ಲ ನೀನು ಎಂದೆ.

ಆತ ನನ್ನ ಕಡೆ ನೋಡಲಿಲ್ಲ. ಗಾಳಿಯಂತ್ರ ನೋಡುತ್ತ ಹೇಳಿದ.

‘ಮುಟ್ಟಿದ್ದೆ ಅಕ್ಕೋರ. ಮೊದಲನೇ ವರ್ಷನ ಮುಟ್ಟಿದ್ದೆ. ಎಡಗೈಲೆ ಮುಟ್ಟಿದ್ದೆ. ನೀವ ಎಡಗೈ ಕೆಳಗ ಇಳಿಸು ಅಂದ್ರಿ.’

ನನಗೆ ಏನೂ ನೆನಪಾಗಲಿಲ್ಲ. ಖರೇ ಹೇಳುತ್ತೇನೆ, ನನಗೆ ಮೊದಲು ಬಂದದ್ದು ಸಿಟ್ಟೇ. ಆರು ವರ್ಷದ ಕೂಸಿಗೆ ಏನು ನೆನಪಿರುತ್ತದೆ, ಏನೋ ಹೇಳಬೇಡ ಎಂದು ಗದರಿದೆ. ಎಡಗೈಯಿಂದ ಏಕೆ ಮುಟ್ಟಬೇಕಿತ್ತು, ಬಲಗೈ ಇರಲಿಲ್ಲವೇ ಎಂದು ಕೇಳಿದೆ.

ಆತ ಬಲಗೈಯ ಅಂಗಿಯ ತೋಳು ಮಡಚಿ ಮೇಲೆ ಸರಿಸಿದ. ಮೊಣಕೈಯ ಹತ್ತಿರ ಎಲುಬು ವಾರೆಯಾಗಿ ಕೂಡಿತ್ತು. ನಾಲ್ಕು ವರ್ಷದವನಿದ್ದಾಗ ಎತ್ತಿನ ಚಕ್ಕಡಿಯಿಂದ ಬಿದ್ದದ್ದಂತೆ. ಊರಲ್ಲಿ ಕಟ್ಟಿಸಿದ್ದರು, ಸೊಟ್ಟಗೆ ಕೂಡಿಕೊಂಡಿತು. ಆ ಕೈ ಪೂರ್ತಿ ಮಡಚುವುದಿಲ್ಲ, ನೆತ್ತಿಯ ಮೇಲೆ ಹೋಗುವುದಿಲ್ಲ. ಇಷ್ಟು ವರ್ಷ ನನ್ನ ಅಂಗಳದಲ್ಲಿ ಕೂತು ಆತ ಎಡಗೈಯಿಂದಲೇ ಹೊಡೆದು ಅರಳೆ ಹಿಂಜುವುದನ್ನು ನಾನು ನೋಡಿದ್ದೆ, ಎಡಚ ಎಂದು ನಗೆಯಾಡಿದ್ದೆ. ಬಲಗೈ ಯಾಕೆ ಬಿಲ್ಲು ಹಿಡಿದು ತೊಡೆಯ ಮೇಲೇ ಇರುತ್ತದೆ ಎಂದು ಒಮ್ಮೆಯೂ ಕೇಳಿರಲಿಲ್ಲ.

‘ಅಪ್ಪ ಹೇಳಾಕ ಬಾಯಿ ತಗದಿದ್ದ’ ಎಂದ. ‘ನೀವ ಅಷ್ಟರಾಗ ಮುಂದಿನ ಹುಡುಗನ್ನ ಕರದ್ರಿ. ಅಕ್ಕೋರಿಗೆ ತಿರುಗಿ ಹ್ಯಾಂಗ ಹೇಳೂದಂತ ಅಪ್ಪ ಮನಿಗೆ ಕರಕೊಂಡ ಹ್ವಾದ. ಮರುವರ್ಷ ನಾ ಎಡಗೈ ಎತ್ತಲೇ ಇಲ್ರಿ. ನೀವ ಬೈತೀರಂತ.’

ನಾನು ಆಗ ಇಪ್ಪತ್ತರ ಹುಡುಗಿ. ಎಡಗೈಯಿಂದ ಉಣ್ಣಬಾರದು, ಎಡಗೈಯಿಂದ ಕೊಡಬಾರದು, ಕೊಟ್ಟದ್ದು ಇಸಿದುಕೊಳ್ಳಬಾರದು ಎಂದು ಬೆಳೆದವಳು. ಶಾಲೆಯ ಮೊದಲ ದಿನವೇ ಮಗು ಎಡಗೈ ಎತ್ತಿದರೆ ಇಳಿಸು ಎಂದು ಹೇಳುವುದು ನನಗೆ ಉಸಿರಾಡಿದಷ್ಟು ಸಹಜವಾಗಿತ್ತು. ಅದಕ್ಕೇ ನೆನಪಿನಲ್ಲಿ ಉಳಿದಿರಲಿಲ್ಲ. ನಾನು ಒಬ್ಬರನ್ನು ಹೊಡೆದಿದ್ದರೆ ನೆನಪಿರುತ್ತಿತ್ತು, ಬೈದಿದ್ದರೂ ನೆನಪಿರುತ್ತಿತ್ತೇನೋ. ಒಳ್ಳೆಯ ರೀತಿ ಕಲಿಸುತ್ತಿದ್ದೇನೆ ಎಂದುಕೊಂಡು ಮಾಡಿದ್ದನ್ನು ಯಾರು ನೆನಪಿಡುತ್ತಾರೆ?

ಆಮೇಲೆ ಒಂದೊಂದೇ ತೆರೆದುಕೊಳ್ಳತೊಡಗಿತು. ಒಳಗೆ ಬಂದ ಮೇಲೂ ಅವನಿಗೆ ಬಲಗೈಯಲ್ಲೇ ಬಳಪ ಹಿಡಿಸಿದವಳು ನಾನು. ಅವನ ಅಕ್ಷರ ಪಾಟಿಯ ಮೇಲೆ ತೆವಳುತ್ತಿತ್ತು, ನಾನು ಪಾಟಿ ಒರೆಸಿ ಮತ್ತೆ ಬರೆ ಎನ್ನುತ್ತಿದ್ದೆ. ಎಂಟು ವರ್ಷದ ಹುಡುಗ ಆರು ವರ್ಷದವರ ನಡುವೆ ಕೂತು, ಅವರು ಬರೆದು ಮುಗಿಸುವುದನ್ನು ನೋಡುತ್ತಿದ್ದ. ಮೂರನೆಯ ಇಯತ್ತೆಗೆ ಬಿಟ್ಟುಹೋದಾಗ, ಕಸುಬಿನವರ ಮಕ್ಕಳು ಹೀಗೇ, ಶಾಲೆಯಲ್ಲಿ ನಿಲ್ಲುವುದಿಲ್ಲ ಎಂದು ನಾನು ಹೆಡ್ ಮಾಸ್ತರರ ಮುಂದೆ ಹೇಳಿದ್ದೆ. ಇದು ಮಾತ್ರ ನನಗೆ ಚೆನ್ನಾಗಿ ನೆನಪಿದೆ, ನಾನು ಎಲ್ಲಿ ನಿಂತು ಹೇಳಿದೆ ಎಂಬುದೂ ನೆನಪಿದೆ.

ನಾನು ಅತ್ತೆ. ಎಪ್ಪತ್ನಾಲ್ಕರ ವಯಸ್ಸಿಗೆ, ಉದ್ಯಾನದ ಬಾಗಿಲಲ್ಲಿ, ಬಂದು ಹೋಗುವವರ ಮುಂದೆ. ಆತ ಗಾಬರಿಯಾಗಿ ನೀರಿನ ಬಾಟಲಿ ಮುಂದೆ ಹಿಡಿದ, ಎಡಗೈಯಲ್ಲಿ. ಹಿಡಿದವನು ತಕ್ಷಣ ಬಲಗೈಗೆ ಬದಲಾಯಿಸಲು ಹೋದ. ನಾನು ಅವನ ಎಡಗೈಯಿಂದಲೇ ಇಸಿದುಕೊಂಡೆ.

ತಪ್ಪಾಯಿತು ಎಂದೆ. ಆ ಮಾತನ್ನು ಒಬ್ಬ ವಿದ್ಯಾರ್ಥಿಗೆ ನಾನು ಹೇಳಿದ್ದು ಅದೇ ಮೊದಲು. ಆತ ಇರಲಿ ಬಿಡ್ರಿ ಎಂದು ಹೇಳಬಹುದಿತ್ತು, ಹೇಳಲಿಲ್ಲ. ಹೇಳದಿದ್ದದ್ದೇ ಸರಿ ಎಂದು ನನಗೆ ಈಗ ಅನಿಸುತ್ತದೆ.

ಕೆಮ್ಮು ಬಂತು ಅವನಿಗೆ. ಕೆಮ್ಮಿ ಮುಗಿಸಿ, ಇನ್ನು ಎರಡು ವರ್ಷ ಹಿಂಜಬೇಕು, ಆಮೇಲೆ ನೋಡೋಣ ಎಂದ. ನನಗೆ ಆ ಮಾತು ಕೇಳಿಸಿಕೊಂಡು ಕೂರಲಾಗಲಿಲ್ಲ. ಎರಡು ವರ್ಷ ಆ ಧೂಳಿನಲ್ಲಿ ಇವನು ಕೂರುವುದು ನಾನು ಹೇಳಿದ ಒಂದು ಮಾತಿಗೆ. ನಾಳೆಯಿಂದ ಬಿಲ್ಲು ಮುಟ್ಟಬೇಡ, ನಾನು ನಿನ್ನ ಮನೆಗೆ ಬಂದು ಹೇಳುತ್ತೇನೆ ಎಂದೆ. ಆತ ತಲೆ ಅಲ್ಲಾಡಿಸಿದ. ಬಾಯಿಮಾತು ಮನೆಯಲ್ಲಿ ನಡೆಯುವುದಿಲ್ಲ ಎಂದ.

‘ನೀವ ಬರದ ಕೊಡ್ರಿ ಅಕ್ಕೋರ. ಆ ಕಾರ್ಡಿನ್ಯಾಗಿನ ತಾರೀಖೂ ನಿಮ್ಮದ ಬರಹ ಐತಿ. ಇದನ್ನೂ ನೀವ ಬರದ್ರ ಆತು.’

ಪಾಸಿಗೆಂದು ಅವನ ಹೆಸರಿನಲ್ಲಿ ತುಂಬಿದ್ದ ಅರ್ಜಿಯ ಫಾರಂ ಇನ್ನೂ ನನ್ನ ಕೈಚೀಲದಲ್ಲೇ ಇತ್ತು. ಅದನ್ನು ಬೋರಲು ಹಾಕಿ, ಚೀಲವನ್ನೇ ಆಸರೆ ಮಾಡಿಕೊಂಡು ಬರೆದೆ. ಇದಕ್ಕೆ ಯಾವ ಕಚೇರಿಯಲ್ಲೂ ಬೆಲೆ ಇಲ್ಲ ಎಂದು ಗೊತ್ತಿದ್ದರೂ, ನಾನು ಜೀವಮಾನದಲ್ಲಿ ಬರೆದ ಯಾವ ಸರ್ಟಿಫಿಕೇಟಿಗೂ ಇಷ್ಟು ಯೋಚನೆ ಮಾಡಿರಲಿಲ್ಲ. ಎರಡು ಸಲ ಹೊಡೆದು ಹಾಕಿ ತಿದ್ದಿದೆ. ಬರೆಯುವಾಗ ಅವನನ್ನು ಇವನು ಎನ್ನಲು ಪೆನ್ನು ಏಳಲಿಲ್ಲ. ಇವರು ಎಂದು ಬರೆದೆ. ಕೆಳಗೆ ಸಹಿ ಮಾಡಿ, ನಿವೃತ್ತ ಶಿಕ್ಷಕಿ ಎಂದು ಹಾಕಿ ಅವನ ಕೈಗೆ ಕೊಟ್ಟೆ.

ಆತ ಆ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನೋಡಿದ. ನನ್ನ ಅಕ್ಷರಗಳು ಗುಂಡಗೆ ಇವೆ, ಎಲ್ಲರೂ ಹೊಗಳುತ್ತಾರೆ. ಓದಿ ಮುಗಿಯಿತೇ ಎಂದು ನಾನು ಕಾಯುತ್ತಿದ್ದೆ. ಆತ ಹಾಳೆಯನ್ನು ತಿರುಗಿ ನನ್ನ ಕೈಗೆ ಕೊಟ್ಟ.

‘ನಂಗ ಓದಾಕ ಬರಂಗಿಲ್ರಿ ಅಕ್ಕೋರ’ ಎಂದ. ‘ಏನ ಬರದೀರಿ, ಓದಿ ಹೇಳ್ರಿ.’

ಓದಿದೆ. ಇವರಿಗೆ ಅರವತ್ತು ವರ್ಷ ತುಂಬಿದೆ. ಶಾಲೆಯ ದಾಖಲೆಯಲ್ಲಿ ಎರಡು ವರ್ಷ ಕಡಿಮೆ ಬರೆದವಳು ನಾನು. ಇವರು ಮೊದಲ ವರ್ಷವೇ ಶಾಲೆಗೆ ಬರಲು ಯೋಗ್ಯರಿದ್ದರು, ನಾನು ತಿರುಗಿ ಕಳಿಸಿದೆ. ತಪ್ಪು ನನ್ನದು. ಇವರು ದುಡಿದದ್ದು ಸಾಕು, ಇನ್ನು ಮನೆಯವರು ಇವರನ್ನು ಕೂರಿಸಿ ಉಣ್ಣಿಸಬೇಕು.

ಆತ ಕಣ್ಣು ಮುಚ್ಚಿಕೊಂಡು ಕೇಳಿದ. ಮುಗಿದ ಮೇಲೆ, ಇನ್ನೊಮ್ಮೆ ಓದ್ರಿ ಎಂದ.

ಇನ್ನೊಮ್ಮೆ ಓದಿದೆ.